ಬಾನೆಟ್ ಕೆಳಗೆ: ಆ ನೀರು ಎಲ್ಲಿ ಹೋಯ್ತು?

ಏಪ್ರಿಲ್ ಬಂತೆಂದರೆ ನನಗೆ ಬರುವ ಪತ್ರಗಳ ವಿಷಯವೇ ಬದಲಾಗುತ್ತದೆ. ಮೈಲೇಜು, ಟೈರು, ಇನ್ಶೂರೆನ್ಸ್ ಎಲ್ಲ ಹಿಂದೆ ಸರಿಯುತ್ತವೆ. ಎಲ್ಲರೂ ಬರೆಯುವುದು ಒಂದೇ ಮಾತು: ಗಾಡಿ ಬಿಸಿಯಾಗುತ್ತಿದೆ. ವಿಲ್ಸನ್ ಗಾರ್ಡನ್‌ನಲ್ಲಿ 31 ವರ್ಷ ಗ್ಯಾರೇಜ್ ನಡೆಸಿದವನು ನಾನು. ಬೇಸಿಗೆಯಲ್ಲಿ ಟೋ ಮಾಡಿಸಿಕೊಂಡು ಬರುತ್ತಿದ್ದ ಗಾಡಿಗಳಲ್ಲಿ ಹೆಚ್ಚಿನವು ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ನೋಡದೆ ಕೆಟ್ಟವು. ವಾರಕ್ಕೆ ಎರಡು ನಿಮಿಷ ಬಾನೆಟ್ ಎತ್ತಿ ನೋಡಿದ್ದರೆ ಅಷ್ಟು ದುಡ್ಡು ಉಳಿಯುತ್ತಿತ್ತು. ಅದಕ್ಕೇ ಈ ಸಲ ಪೂರ್ತಿ ಪುಟ ಈ ವಿಷಯಕ್ಕೇ.

ಪ್ರಶ್ನೆ: ನನ್ನದು ಹತ್ತು ವರ್ಷದ ಪೆಟ್ರೋಲ್ ಕಾರು. ಕೂಲೆಂಟ್ ಬಾಟಲಿಯಲ್ಲಿ ವಾರಕ್ಕೆ ಒಂದು ಬೆರಳಷ್ಟು ಇಳಿಯುತ್ತದೆ. ಕೆಳಗೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ನಾನು ನೀರು ಹಾಕಿ ಸರಿಮಾಡುತ್ತಿದ್ದೇನೆ. ಹೀಗೇ ಮುಂದುವರಿಸಬಹುದೇ? (ವಿಜಯನಗರದಿಂದ)

ಉತ್ತರ: ಬೇಡ. ಕೂಲಿಂಗ್ ಸಿಸ್ಟಮ್ ಅನ್ನೋದು ಮುಚ್ಚಿದ ಪಾತ್ರೆ ಇದ್ದ ಹಾಗೆ. ಅದು ಚೆನ್ನಾಗಿದ್ದರೆ ವರ್ಷಕ್ಕೆ ಸ್ವಲ್ಪ ಇಳಿಯಬಹುದು ಅಷ್ಟೆ, ವಾರವಾರ ಇಳಿಯುವುದಿಲ್ಲ. ಇಳಿಯಿತೆಂದರೆ ಎಲ್ಲೋ ಹೋಯಿತು. ಎಲ್ಲಿ ಹೋಯಿತು ಅಂತ ಕೇಳದೆ ನೀರು ಸುರಿಯುತ್ತಾ ಹೋದರೆ ಎರಡು ಕೆಡುಕು. ಒಳಗಿನ ಕೂಲೆಂಟ್ ತೆಳ್ಳಗಾಗುತ್ತದೆ, ಲೀಕು ದೊಡ್ಡದಾಗುತ್ತದೆ.

ನೆಲದ ಮೇಲೆ ಹನಿ ಇಲ್ಲ ಅಂದ ಮಾತ್ರಕ್ಕೆ ಲೀಕ್ ಇಲ್ಲ ಅಂದುಕೊಳ್ಳಬೇಡಿ. ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ಅಲ್ಲೇ ಒಣಗಿಬಿಡುತ್ತದೆ. ಆದರೆ ಗುರುತು ಬಿಟ್ಟು ಹೋಗುತ್ತದೆ. ಒಮ್ಮೆ ಒಬ್ಬ ಮೇಷ್ಟರ ಕಾರು ಬಂದಿತ್ತು, ಇದೇ ದೂರು. ಮೂರು ಕಡೆ ತೋರಿಸಿದ್ದರು, ಯಾರಿಗೂ ಸಿಕ್ಕಿರಲಿಲ್ಲ. ನಾನು ಸಂಜೆ ಲೈಟ್ ಆರಿಸಿ, ಟಾರ್ಚ್ ಹಿಡಿದು ವಾಟರ್ ಪಂಪ್ ಕೆಳಗೆ ಬಗ್ಗಿ ನೋಡಿದೆ. ಪಂಪಿನ ಹೊಟ್ಟೆಯಲ್ಲಿ ಒಂದು ಸಣ್ಣ ತೂತು ಇರುತ್ತದೆ, ಒಳಗಿನ ಸೀಲ್ ಸವೆದರೆ ನೀರು ಹೊರಗೆ ಬರಲಿ ಅಂತಲೇ ಇಟ್ಟಿರುವುದು. ಆ ತೂತಿನಿಂದ ಕೆಳಕ್ಕೆ ದಾರದಷ್ಟು ಸಣ್ಣ ಗೆರೆ. ಮಾಸಿದ ಗುಲಾಬಿ ಬಣ್ಣ. ಬೆರಳಲ್ಲಿ ಉಜ್ಜಿದರೆ ಉಪ್ಪಿನ ಪುಡಿ ಹಾಗೆ ಉದುರಿತು. ಅಷ್ಟೇ ಲೀಕು. ಅಷ್ಟೇ ಸಾಕಾಗಿತ್ತು.

ನೀವೂ ಹಾಗೆ ಹುಡುಕಿ. ಎಂಜಿನ್ ಪೂರ್ತಿ ತಣ್ಣಗಿದ್ದಾಗ. ಹೋಸ್‌ಗಳ ತುದಿ, ಕ್ಲಾಂಪ್ ಕೂತಿರುವ ಜಾಗ, ರೇಡಿಯೇಟರಿನ ಎರಡೂ ಪಕ್ಕದ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂಗೆ ಸೇರುವ ಅಂಚು, ವಾಟರ್ ಪಂಪು. ಎಲ್ಲಿ ಬಿಳಿ, ಹಸಿರು ಅಥವಾ ಗುಲಾಬಿ ಪುಡಿ ಕಟ್ಟಿದೆಯೋ ಅಲ್ಲಿ ಲೀಕು. ಹೋಸನ್ನು ಹಿಡಿದು ಅಮುಕಿ. ಗಟ್ಟಿಯಾಗಿದ್ದು ಬಿಟ್ಟ ತಕ್ಷಣ ತುಂಬಿಕೊಳ್ಳಬೇಕು. ಮಾಗಿದ ಬಾಳೆಹಣ್ಣಿನ ಹಾಗೆ ಮೆತ್ತಗಾಗಿದ್ದರೆ, ಅಥವಾ ಅಮುಕಿದಾಗ ಸಣ್ಣ ಬಿರುಕು ಕಂಡರೆ, ಬದಲಾಯಿಸುವ ಕಾಲ ಬಂದಿದೆ. ಆಮೇಲೆ ಡ್ರೈವರ್ ಪಕ್ಕದ ಸೀಟಿನ ಮುಂದೆ ಕಾಲಿಡುವ ಜಾಗದ ಕಾರ್ಪೆಟ್ ಮುಟ್ಟಿ ನೋಡಿ. ಅಲ್ಲಿ ಒದ್ದೆ ಇದ್ದು ಅಂಟಂಟಾಗಿದ್ದರೆ, ಸಿಹಿ ವಾಸನೆ ಬಂದರೆ, ಹೀಟರ್ ಕೋರ್ (ಡ್ಯಾಶ್‌ಬೋರ್ಡ್ ಹಿಂದೆ ಇರುವ, ಕೂಲೆಂಟ್ ಹರಿಯುವ ಹೀಟರಿನ ಭಾಗ) ಸೋರುತ್ತಿದೆ. ಬರೀ ನೀರಿದ್ದರೆ ಅದು ಎಸಿ ಡ್ರೈನ್ ಕಟ್ಟಿಕೊಂಡದ್ದು, ಆ ಕಥೆ ಬೇರೆ.

ರೇಡಿಯೇಟರ್ ಕ್ಯಾಪನ್ನೂ ಅನುಮಾನದಿಂದ ನೋಡಿ. ಅದರ ಮೇಲೆ 0.9 ಅಥವಾ 1.1 ಎಂದು ಅಚ್ಚಾಗಿರುತ್ತದೆ. ಅದು ಎಷ್ಟು ಪ್ರೆಷರ್ ತಡೆದುಕೊಳ್ಳುತ್ತದೆ ಅನ್ನುವ ಲೆಕ್ಕ. ಕೆಳಗಿನ ರಬ್ಬರ್ ಗಟ್ಟಿಯಾಗಿ ಗೆರೆ ಬಿದ್ದಿದ್ದರೆ ಹೊಸದು ಹಾಕಿ, ಅದೇ ಅಂಕಿಯದ್ದು. ಕ್ಯಾಪಿಗೆ ಇನ್ನೊಂದು ಕೆಲಸವೂ ಇದೆ. ಎಂಜಿನ್ ತಣ್ಣಗಾದಾಗ ಬಾಟಲಿಯಿಂದ ಕೂಲೆಂಟನ್ನು ರೇಡಿಯೇಟರಿಗೆ ವಾಪಸ್ ಎಳೆದುಕೊಳ್ಳುವುದು. ಅದು ಕೆಟ್ಟರೆ ಬಾಟಲಿ ತುಂಬಿದ್ದರೂ ರೇಡಿಯೇಟರ್ ಖಾಲಿ ಇರಬಹುದು. ಆದ್ದರಿಂದ ರೇಡಿಯೇಟರ್ ಮೇಲೆ ಬೇರೆ ಕ್ಯಾಪ್ ಇರುವ ಕಾರಿನವರು ತಿಂಗಳಿಗೊಮ್ಮೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ, ಆ ಕ್ಯಾಪ್ ತೆಗೆದೂ ನೋಡಬೇಕು. ಬಾಟಲಿ ಒಂದನ್ನೇ ನಂಬಬೇಡಿ.

ಇಷ್ಟಾದರೂ ಸಿಗದಿದ್ದರೆ ಕೊನೆಯ ಅನುಮಾನ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವೆ ಇರುವ ಸೀಲ್. ಆಯಿಲ್ ಕ್ಯಾಪಿನ ಒಳಗೆ ಹಾಲು ಬೆರೆತ ಕಾಫಿ ಬಣ್ಣದ ನೊರೆ, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಕೂಲೆಂಟಲ್ಲಿ ಗುಳ್ಳೆ. ಇವುಗಳಲ್ಲಿ ಒಂದು ಕಂಡರೂ ಮನೆ ಕೆಲಸ ನಿಲ್ಲಿಸಿ. ಗ್ಯಾರೇಜಿನಲ್ಲಿ ಕೈ ಪಂಪಿನಂಥ ಪ್ರೆಷರ್ ಟೆಸ್ಟರ್ ಇರುತ್ತದೆ. ಕಾಲು ಗಂಟೆಯಲ್ಲಿ ಗೊತ್ತಾಗುತ್ತದೆ, "ಪ್ರೆಷರ್ ಟೆಸ್ಟ್ ಮಾಡಿ" ಅಂತ ಬಾಯಿಬಿಟ್ಟು ಕೇಳಿ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಭಾನುವಾರ ಬೆಳಿಗ್ಗೆ ಬಾಟಲಿಯ ಮೇಲೆ ಮಾರ್ಕರಿನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಮುಂದಿನ ಭಾನುವಾರ ಇನ್ನೊಂದು ಗೆರೆ. ಮೆಕ್ಯಾನಿಕ್‌ಗೆ ಅದನ್ನು ತೋರಿಸಿದರೆ ಅರ್ಧ ಕೆಲಸ ಮುಗಿದಂತೆ.

ಪ್ರಶ್ನೆ: ನೈಸ್ ರಸ್ತೆಯಲ್ಲಿ ಎಷ್ಟು ಓಡಿಸಿದರೂ ಎಂಜಿನ್ ಬಿಸಿ ತೋರಿಸುವ ಮುಳ್ಳು ಅಲ್ಲಾಡುವುದಿಲ್ಲ. ಸಿಲ್ಕ್ ಬೋರ್ಡ್ ಹತ್ತಿರ ಹತ್ತು ನಿಮಿಷ ನಿಂತರೆ ಮೇಲೆ ಹೋಗುತ್ತದೆ. ರೇಡಿಯೇಟರ್ ಬದಲಾಯಿಸಿ ಎನ್ನುತ್ತಿದ್ದಾರೆ. (ಬಿಟಿಎಂ ಲೇಔಟಿನಿಂದ)

ಉತ್ತರ: ರೇಡಿಯೇಟರಿಗೆ ದುಡ್ಡು ಕೊಡುವ ಮೊದಲು ಫ್ಯಾನ್ ನೋಡಿ. ಓಡುವಾಗ ಎದುರು ಗಾಳಿಯೇ ತಂಪು ಮಾಡುತ್ತದೆ, ಫ್ಯಾನ್ ಬೇಕಿಲ್ಲ. ನಿಂತಾಗ ಫ್ಯಾನೇ ಗತಿ. ನಿಂತಾಗ ಮಾತ್ರ ಬಿಸಿ ಅಂದರೆ ಹೆಚ್ಚಾಗಿ ಫ್ಯಾನಿನ ಕಡೆಯ ತೊಂದರೆ. ನಿಮಗೆ ಉಲ್ಟಾ ಆಗಿ, ಹೈವೇನಲ್ಲಿ ಜಾಸ್ತಿ ಬಿಸಿಯಾಗಿದ್ದರೆ ನಾನೂ ಕಟ್ಟಿದ ರೇಡಿಯೇಟರ್ ಅಥವಾ ಪಂಪ್ ಎನ್ನುತ್ತಿದ್ದೆ.

ಮನೆಯ ಮುಂದೆ ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಸಾಮಾನ್ಯವಾಗಿ ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್), ಕೊನೆಗೆ ಮೋಟಾರು. ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೆ ಚಿತ್ರ ಇರುತ್ತದೆ. ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಬಹುದು. ಒಂದು ಎಚ್ಚರಿಕೆ: ಕೀ ತೆಗೆದಿದ್ದರೂ ಎಷ್ಟೋ ಕಾರುಗಳಲ್ಲಿ ಫ್ಯಾನ್ ತಾನಾಗಿಯೇ ಶುರುವಾಗುತ್ತದೆ. ಅಲ್ಲಿ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ.

ಫ್ಯಾನ್ ಸರಿ ಇದ್ದರೆ ಮುಂದಿನಿಂದ ಟಾರ್ಚ್ ಬಿಡಿ. ಎಸಿ ಕಂಡೆನ್ಸರ್ ಮುಂದೆ, ರೇಡಿಯೇಟರ್ ಹಿಂದೆ, ಎರಡರ ನಡುವೆ ಒಂದೆರಡು ಬೆರಳಷ್ಟು ಜಾಗ. ಮೆಟ್ರೋ ಕೆಲಸದ ಧೂಳು, ಹುಳ, ಒಣ ಎಲೆ ಎಲ್ಲ ಅಲ್ಲಿ ಕಂಬಳಿಯ ಹಾಗೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಟ್ಟು ತೊಳೆಯಿರಿ, ಎಂಜಿನ್ ತಣ್ಣಗಿದ್ದಾಗ, ನಿಧಾನವಾಗಿ. ಪ್ರೆಷರ್ ವಾಷರ್ ಹಿಡಿದರೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಒಂದು ಬಕೆಟ್ ನೀರು, ಒಂದು ಕೈ ಸ್ಪ್ರೇಯರ್ ಸಾಕು. 2024ರ ಮಾರ್ಚ್‌ನಲ್ಲಿ ನೀರಿಲ್ಲದೆ ಒದ್ದಾಡಿದ್ದು, ಕುಡಿಯುವ ನೀರಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಎಂದದ್ದು ನೆನಪಿದೆಯಲ್ಲ? ಬಟ್ಟೆ ಜಾಲಿಸಿದ ಕೊನೆಯ ನೀರು ಈ ಕೆಲಸಕ್ಕೆ ಧಾರಾಳ.

ಪ್ರಶ್ನೆ: ಬೆಂಗಳೂರಿನಲ್ಲಿ ನೀರು ಹೆಪ್ಪುಗಟ್ಟುವುದೇ ಇಲ್ಲ. ಮತ್ತೆ ಕೂಲೆಂಟ್ ಯಾಕೆ? ಬೋರ್‌ವೆಲ್ ನೀರು, ಆರ್‌ಒ ನೀರು, ಎಸಿಯಿಂದ ತೊಟ್ಟಿಕ್ಕುವ ನೀರು, ಇವುಗಳಲ್ಲಿ ಯಾವುದು ಹಾಕಬಹುದು? (ಯಲಹಂಕದಿಂದ)

ಉತ್ತರ: ಒಳ್ಳೆಯ ಪ್ರಶ್ನೆ, ನಿಧಾನವಾಗಿ ಹೇಳುತ್ತೇನೆ. ಹೆಪ್ಪುಗಟ್ಟುವ ಭಯ ನಮಗಿಲ್ಲ, ನಿಜ. ನಮಗಿರುವ ಭಯ ಕುದಿಯುವುದು ಮತ್ತು ತುಕ್ಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ನಿಮ್ಮ ಎಂಜಿನ್ ದಿನಾ ಓಡುವುದು 85ರಿಂದ 100 ಡಿಗ್ರಿಯಲ್ಲಿ. ಕುಕ್ಕರಿನ ವೆಯ್ಟ್ ಹಾಗೆ ಆ ಕ್ಯಾಪ್ ಪ್ರೆಷರ್ ಹಿಡಿದಿಡುವುದರಿಂದ ಕುದಿಯುವ ಬಿಂದು 120ರ ಹತ್ತಿರಕ್ಕೆ ಏರುತ್ತದೆ. ಅರ್ಧ ಕೂಲೆಂಟ್ ಬೆರೆಸಿದರೆ ಇನ್ನೂ ಏಳೆಂಟು ಡಿಗ್ರಿ ಮೇಲೆ.

ಆದರೆ ನನ್ನ ಲೆಕ್ಕದಲ್ಲಿ ತುಕ್ಕೇ ದೊಡ್ಡ ಮಾತು. ಹಿಂದಿನ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಹಿತ್ತಾಳೆ, ತಾಮ್ರದ ರೇಡಿಯೇಟರ್. ದಾರಿಯ ಬಾವಿ ನೀರು ಹಾಕಿದರೂ ತಡೆದುಕೊಳ್ಳುತ್ತಿತ್ತು, ತೂತು ಬಿದ್ದರೆ ಬೆಸುಗೆ ಹಾಕುತ್ತಿದ್ದೆವು. ಈಗಿನದು ಕಾಗದದಂಥ ತೆಳು ಅಲ್ಯೂಮಿನಿಯಂ. ಬೋರ್‌ವೆಲ್ ನೀರಿನ ಉಪ್ಪು ಅದನ್ನು ಒಳಗಿಂದ ತಿನ್ನುತ್ತದೆ. ನಿಮ್ಮ ಮನೆಯ ಗೀಸರ್ ಕಾಯಿಲನ್ನು ಪ್ಲಂಬರ್ ಬಿಚ್ಚಿದಾಗ ನೋಡಿದ್ದೀರಾ? ಅದರ ಮೇಲೆ ಸುಣ್ಣದ ಚಿಪ್ಪು ಹೇಗೆ ಕಟ್ಟಿರುತ್ತದೆ, ಅದೇ ಚಿಪ್ಪು ಎಂಜಿನ್ ಒಳಗೂ ಕಟ್ಟುತ್ತದೆ. ಬಿಸಿ ಹೊರಗೆ ಬರಲು ಬಿಡುವುದಿಲ್ಲ.

ಬೆರೆಸಲು ಡಿಸ್ಟಿಲ್ಡ್ ವಾಟರ್ ಅಥವಾ ಡಿಎಂ ವಾಟರ್ (ಲವಣ ತೆಗೆದ ನೀರು) ತನ್ನಿ. ಬ್ಯಾಟರಿ ಅಂಗಡಿಗಳಲ್ಲಿ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ 5 ಲೀಟರ್ ಕ್ಯಾನ್ ಸಿಗುತ್ತದೆ, ದುಬಾರಿಯಲ್ಲ. ಆರ್‌ಒ ನೀರು ದಾರಿಯಲ್ಲಿ ಕೈಕೊಟ್ಟಾಗ ಪರವಾಗಿಲ್ಲ, ಆದರೆ ಅದರಲ್ಲೂ ಉಪ್ಪಿನಂಶ ಉಳಿದಿರುತ್ತದೆ. ಎಸಿ ನೀರು ಶುದ್ಧ ಎನ್ನುತ್ತಾರೆ, ಅದು ಕಾಯಿಲಿನ ಧೂಳು ತೊಳೆದುಕೊಂಡು ಬಂದದ್ದು. ಗಿಡಕ್ಕೆ ಹಾಕಿ.

ಬಣ್ಣದ ಬಗ್ಗೆಯೂ ಹೇಳಿಬಿಡುತ್ತೇನೆ. ಹಸಿರು, ಗುಲಾಬಿ, ನೀಲಿ ಅನ್ನೋದು ಬರೀ ಡೈ. ಬಣ್ಣ ಒಂದೇ ಇದ್ದರೂ ಒಳಗಿನ ಕೆಮಿಕಲ್ ಬೇರೆ ಇರಬಹುದು. ಮ್ಯಾನುಯಲ್‌ನಲ್ಲಿ ಏನು ಬರೆದಿದೆಯೋ ಅದನ್ನೇ ತನ್ನಿ. ಡಬ್ಬದ ಮೇಲೆ ಕಾನ್ಸಂಟ್ರೇಟ್ (ನೀರು ಬೆರೆಸಬೇಕಾದ್ದು) ಅಂತಿದೆಯೋ, ಪ್ರೀಮಿಕ್ಸ್ (ಬೆರೆಸಿಯೇ ಬರುವುದು) ಅಂತಿದೆಯೋ ಓದಿ. ಪ್ರೀಮಿಕ್ಸ್‌ಗೆ ಮತ್ತೆ ನೀರು ಬೆರೆಸುವವರು ಬಹಳ ಜನ.

ಪ್ರಶ್ನೆ: ರೇಡಿಯೇಟರ್ ಸೋರಿದರೆ ನಮ್ಮಪ್ಪ ಅರಿಶಿನ ಪುಡಿ ಹಾಕುತ್ತಿದ್ದರು, ನಿಲ್ಲುತ್ತಿತ್ತು. ಈಗಲೂ ಹಾಕಬಹುದೇ? (ಕೆಂಗೇರಿಯಿಂದ)

ಉತ್ತರ: ನಿಮ್ಮ ತಂದೆ ಮಾಡಿದ್ದು ಆ ಕಾಲಕ್ಕೆ ಸರಿ. ಅಗಲವಾದ ಹಿತ್ತಾಳೆ ಕೊಳವೆ, ಊರು ಸೇರಿದರೆ ಸಾಕು ಎನ್ನುವ ಅವಸರ. ನಾನೂ ಹಾಕಿದ್ದೇನೆ. ಈಗಿನ ರೇಡಿಯೇಟರ್, ಹೀಟರ್ ಕೊಳವೆಗಳು ಬಹಳ ಸಣ್ಣ. ಅರಿಶಿನ ತೂತನ್ನು ಹುಡುಕಿಕೊಂಡು ಹೋಗುವುದಿಲ್ಲ, ಎಲ್ಲ ಕಡೆಯೂ ಕೂರುತ್ತದೆ. ಬೇಡ.

ಪ್ರಶ್ನೆ: ಕೂಲೆಂಟ್ ಬದಲಾಯಿಸುವುದನ್ನು ನಾನೇ ಕಲಿಯಬೇಕೆಂದಿದ್ದೇನೆ. ನಾನು ಗೃಹಿಣಿ, ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವಿದೆ. ಸಾಧ್ಯವೇ? (ಮಲ್ಲೇಶ್ವರದಿಂದ)

ಉತ್ತರ: ಖಂಡಿತ ಸಾಧ್ಯ, ನಿಮ್ಮ ಪತ್ರ ಓದಿ ಖುಷಿಯಾಯಿತು. ಒಂದು ಬೆಳಗು ಇಟ್ಟುಕೊಳ್ಳಿ. ರಾತ್ರಿಯಿಡೀ ನಿಂತ ಗಾಡಿಯೇ ಆಗಬೇಕು.

ಮೊದಲು ಮ್ಯಾನುಯಲ್‌ನಲ್ಲಿ ಒಟ್ಟು ಎಷ್ಟು ಹಿಡಿಯುತ್ತದೆ ನೋಡಿ. ಸಣ್ಣ ಕಾರಿಗೆ 4 ಲೀಟರ್ ಆಸುಪಾಸು ಇರುತ್ತದೆ. ಕೆಳಗೆ ಅಗಲ ಬಾಣಲೆ ಇಡಿ, ಮತ್ತೆ ಅಡುಗೆಗೆ ಬಳಸದಂಥದ್ದು. ಕ್ಯಾಪ್ ತೆಗೆಯಿರಿ. ರೇಡಿಯೇಟರ್ ಕೆಳಗಿನ ಡ್ರೈನ್ ಪ್ಲಗ್ ಸಡಿಲಿಸಿ. ಅದು ಪ್ಲಾಸ್ಟಿಕ್ ಆಗಿದ್ದರೆ ಬಲ ಹಾಕಬೇಡಿ, ಹಳೆಯದಾದರೆ ಬಿರುಕು ಬಿಡುತ್ತದೆ. ಬಂದದ್ದನ್ನು ಅಳೆಯಿರಿ. ಇಲ್ಲಿ ಒಂದು ಗುಟ್ಟಿದೆ. 4 ಲೀಟರ್ ಹಿಡಿಯುವ ಗಾಡಿಯಿಂದ ಎರಡೂವರೆ ಲೀಟರ್ ಮಾತ್ರ ಬರಬಹುದು. ಉಳಿದದ್ದು ಎಂಜಿನ್ ಬ್ಲಾಕಿನಲ್ಲೇ ಇರುತ್ತದೆ. ಡಿಸ್ಟಿಲ್ಡ್ ನೀರು ತುಂಬಿ, ಬಿಸಿ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಇಳಿಸಿ ತೊಳೆದರೆ ಒಳಗೆ ಉಳಿಯುವುದು ಹೆಚ್ಚಾಗಿ ನೀರೇ. ಅದರ ಮೇಲೆ ಅರ್ಧಕ್ಕರ್ಧ ಬೆರೆಸಿದ್ದನ್ನು ಹಾಕಿದರೆ ತೆಳ್ಳಗಾಗುತ್ತದೆ. ಅದಕ್ಕೇ ಮೊದಲು ಒಟ್ಟು ಅಳತೆಯ ಅರ್ಧದಷ್ಟು, ಅಂದರೆ 2 ಲೀಟರ್ ಕಾನ್ಸಂಟ್ರೇಟ್ ಹಾಕಿ, ಆಮೇಲೆ ಡಿಸ್ಟಿಲ್ಡ್ ನೀರಿನಿಂದ ತುಂಬಿಸಿ.

ಕಷ್ಟದ ಕೆಲಸ ಗಾಳಿ ತೆಗೆಯುವುದು. ಒಳಗೆ ಗಾಳಿ ಸಿಕ್ಕಿಕೊಂಡರೆ ಕೂಲೆಂಟ್ ಇದ್ದೂ ಇಲ್ಲದಂತೆ. ಗಾಡಿಯ ಮೂತಿ ಏರಿನ ಕಡೆ ಬರುವಂತೆ ನಿಲ್ಲಿಸಿ, ಮಲ್ಲೇಶ್ವರದಲ್ಲಿ ಏರು ರಸ್ತೆಗೇನು ಕೊರತೆ? ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ. ರೇಡಿಯೇಟರ್ ಕ್ಯಾಪ್ ತೆಗೆದೇ ಎಂಜಿನ್ ಸ್ಟಾರ್ಟ್ ಮಾಡಿ, ತಣ್ಣಗಿದ್ದಾಗಲೇ. ಮುಖ ಮಾತ್ರ ದೂರ ಇಡಿ. ಗುಳ್ಳೆ ಬರುತ್ತವೆ, ಮಟ್ಟ ಇಳಿಯುತ್ತದೆ, ಹಾಕುತ್ತಾ ಹೋಗಿ. ಬ್ಲೀಡ್ ಸ್ಕ್ರೂ ಇರುವ ಗಾಡಿಯಲ್ಲಿ ಅಲ್ಲಿಂದ ಗಾಳಿ ಬಿಡಿ. ಮೇಲಿನ ಹೋಸ್ ಇದ್ದಕ್ಕಿದ್ದಂತೆ ಬಿಸಿಯಾದರೆ ತರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆರೆಯಿತು ಅಂತ. ಆಗ ತುಂಬಿಸಿ ಕ್ಯಾಪ್ ಹಾಕಿ. ಮಾರನೇ ದಿನ ಬೆಳಿಗ್ಗೆ ಮತ್ತೆ ನೋಡಿ, ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ. ಮೂರನೇ ದಿನವೂ ಇಳಿದರೆ ಮೊದಲ ಪತ್ರಕ್ಕೆ ಕೊಟ್ಟ ಉತ್ತರ ಓದಿ.

ಎಲೆಕ್ಟ್ರಿಕ್ ಕಾರಿನವರು ಇದನ್ನು ಮಾಡಬೇಡಿ. ಅಲ್ಲಿ ಬ್ಯಾಟರಿಗೂ ಕೂಲೆಂಟ್ ಹರಿಯುತ್ತದೆ, ಅದರ ಜಾತಿಯೇ ಬೇರೆ ಇರಬಹುದು.

ಪ್ರಶ್ನೆ: ಮೆಕ್ಯಾನಿಕ್ ತರ್ಮೋಸ್ಟಾಟ್ ತೆಗೆದುಹಾಕಿ "ನಮ್ಮೂರಿನ ಬಿಸಿಲಿಗೆ ಇದು ಬೇಡ" ಎಂದರು. (ಜಯನಗರದಿಂದ)

ಉತ್ತರ: ಬೇಕು. ಅದಿಲ್ಲದಿದ್ದರೆ ಎಂಜಿನ್ ಬೇಗ ಬಿಸಿಯೇರದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಕೆಲವು ಗಾಡಿಗಳಲ್ಲಿ ನೀರು ರೇಡಿಯೇಟರ್ ತಪ್ಪಿಸಿ ಅಡ್ಡದಾರಿಯಲ್ಲಿ ಸುತ್ತಿ, ಬಿಸಿ ಇನ್ನೂ ಹೆಚ್ಚುತ್ತದೆ. ತೆಗೆದದ್ದನ್ನು ಕೇಳಿ ತಂದು ಮನೆಯಲ್ಲೇ ಪರೀಕ್ಷಿಸಿ. ಹಳೆಯ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ, ತಳ ತಾಕದ ಹಾಗೆ ಇಳಿಬಿಡಿ. ಒಲೆ ಹಚ್ಚಿ. ಅದರ ಮೇಲೆ 82 ಅಥವಾ 88 ಎಂದು ಕೊರೆದಿರುತ್ತದೆ. ನೀರು ಆ ಬಿಸಿಗೆ ಬಂದಾಗ ನಡುವಿನ ಬಿಲ್ಲೆ ಮೆಲ್ಲಗೆ ಎದ್ದು ನಿಲ್ಲುತ್ತದೆ, ಒಲೆ ಆರಿಸಿದರೆ ಹಾಗೇ ಕೂರುತ್ತದೆ. ನೀರು ಮಳ್ಳಿದರೂ ಏಳದಿದ್ದರೆ ಕೆಟ್ಟಿದೆ, ಹೊಸದು ಹಾಕಿಸಿ.

ಪ್ರಶ್ನೆ: ಶಿರಾಡಿ ಘಾಟಿ ಏರುವಾಗ ಕೆಂಪು ದೀಪ ಬಂತು. ಕ್ಯಾಪ್ ತೆಗೆದು ನೀರು ಹಾಕಲು ಹೊರಟಾಗ ಲಾರಿ ಡ್ರೈವರೊಬ್ಬರು ಕೂಗಿ ತಡೆದರು. ಯಾಕೆ? (ರಾಜಾಜಿನಗರದಿಂದ)

ಉತ್ತರ: ಅವರು ನಿಮ್ಮ ಮುಖ ಉಳಿಸಿದರು. 1996ರಲ್ಲಿ ನನ್ನ ಗ್ಯಾರೇಜಿನ ಹುಡುಗ, ಹದಿನೆಂಟು ತುಂಬಿತ್ತಷ್ಟೆ, ನಾನು ಟೀ ತರಲು ಹೋದಾಗ ಬಿಸಿ ಕ್ಯಾಪ್ ಮೇಲೆ ಬಟ್ಟೆ ಹಾಕಿ ತಿರುಗಿಸಿದ. ನಾನು ರಸ್ತೆ ಆಚೆಯಿಂದ ಶಬ್ದ ಕೇಳಿದೆ. ನೂರಕ್ಕಿಂತ ಜಾಸ್ತಿ ಬಿಸಿಯ ನೀರು, ಪ್ರೆಷರ್ ಹೋದ ಕ್ಷಣಕ್ಕೆ ಹಬೆಯಾಗಿ ಎದ್ದಿತ್ತು. ಮೊಣಕೈವರೆಗೆ ಚರ್ಮ ಸುಲಿದಿತ್ತು. ಎರಡು ತಿಂಗಳು ಅವನನ್ನು ಡ್ರೆಸಿಂಗ್‌ಗೆ ನಾನೇ ಕರೆದುಕೊಂಡು ಹೋದೆ. ಅವನಿಗೆ ಮೊದಲ ದಿನವೇ ಹೇಳಿಕೊಡಬೇಕಿತ್ತು, ಹೇಳಿರಲಿಲ್ಲ. ಅಂದಿನಿಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಮುಳ್ಳು ಏರತೊಡಗಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಕಿಟಕಿ ಇಳಿಸಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ. ಅದರಿಂದ ತಣ್ಣನೆ ಗಾಳಿ ಬಂದರೆ ಒಳಗೆ ನೀರೇ ಉಳಿದಿಲ್ಲ ಅಂತ, ತಕ್ಷಣ ನಿಲ್ಲಿಸಿ. ಕೆಂಪು ದೀಪ ಬಂದಮೇಲಂತೂ ಒಂದು ಕಿಲೋಮೀಟರೂ ಬೇಡ. ಎಂಜಿನ್ ಆರಿಸಿ ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ಹೋಸ್ ಕೈಗೆ ತಣ್ಣಗಾಗಿ ಮೆತ್ತಗಾದ ಮೇಲಷ್ಟೇ ಕ್ಯಾಪ್ ಮುಟ್ಟಿ. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಪ್ರಶ್ನೆ: ತೆಗೆದ ಹಳೆ ಕೂಲೆಂಟ್ ಮೋರಿಗೆ ಚೆಲ್ಲಬಹುದೇ? (ನಾಗರಭಾವಿಯಿಂದ)

ಉತ್ತರ: ದಯವಿಟ್ಟು ಬೇಡ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಬೀದಿ ನಾಯಿ, ಬೆಕ್ಕು ಗುಂಡಿಯಲ್ಲಿ ನಿಂತದ್ದನ್ನು ನೆಕ್ಕುತ್ತವೆ, ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಕೆಡುತ್ತದೆ. ನೆಲಕ್ಕೆ ಬಿದ್ದದ್ದನ್ನು ಆಗಲೇ ಒರೆಸಿ, ನೀರು ಹಾಕಿ ತೊಳೆಯಿರಿ. ಜ್ಯೂಸ್ ಬಾಟಲಿಯಲ್ಲಂತೂ ತುಂಬಿಡಬೇಡಿ, ಮಕ್ಕಳಿರುವ ಮನೆ. ಹಳೆಯದನ್ನು ಕೂಲೆಂಟ್ ಡಬ್ಬಕ್ಕೇ ವಾಪಸ್ ತುಂಬಿ, "ವಿಷ" ಎಂದು ದಪ್ಪಗೆ ಬರೆದು, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ನಿಮ್ಮ ಕಡೆಯ ಮೋರಿ ರಾಜಕಾಲುವೆ ಸೇರಿ ವೃಷಭಾವತಿಗೆ ಹೋಗುತ್ತದೆ, ಅಲ್ಲಿಂದ ಬೈರಮಂಗಲ ಕೆರೆಗೆ. ಆ ನೀರಲ್ಲಿ ಬೆಳೆ ಬೆಳೆಯುವವರಿದ್ದಾರೆ.